ರೆಕಾರ್ಡ್ ಅಂಗಡಿಯಲ್ಲಿ ಹಾಡು ಕೇಳಿ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಕಂಪನಿಯ ಶಾಖೆಯಲ್ಲದ, ಮಾಲೀಕರೇ ಕೌಂಟರಿನ ಹಿಂದೆ ನಿಂತು ನಡೆಸುವ ಪುಟ್ಟ ರೆಕಾರ್ಡ್ ಅಂಗಡಿಗಳಿಗೆ ಹೊಸದಾಗಿ ಬರುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕೇಳಬೇಕೆಂದು ಬಾಯಿ ತೆರೆದು ಸುಮ್ಮನಾಗುವ ಪ್ರಶ್ನೆಗಳೂ ಇವೆ. ಉತ್ತರ ಬರೆದಿರುವವನು ಕೌಂಟರಿನ ಒಳಬದಿಯವನು. ಅಲ್ಲಲ್ಲಿ ಅಂಗಡಿಯವರ ಪಕ್ಷ ವಹಿಸಿದಂತೆ ಕಂಡರೆ ಅಷ್ಟನ್ನು ಕಳೆದು ಓದಿಕೊಳ್ಳಿ.

ಕೊಳ್ಳುವ ಮೊದಲು ರೆಕಾರ್ಡ್ ಹಾಕಿಸಿ ಕೇಳಬಹುದೇ? ಅಂಗಡಿಯವರು ಬೇಸರಪಟ್ಟುಕೊಳ್ಳುವುದಿಲ್ಲವೇ?

ಧಾರಾಳವಾಗಿ ಕೇಳಬಹುದು. ಹಳೆಯ ರೆಕಾರ್ಡುಗಳನ್ನು ಮಾರುವ ಅಂಗಡಿಗಳಲ್ಲಿ ಸಾಮಾನ್ಯವಾಗಿ ಒಂದು ಮೂಲೆಯಲ್ಲಿ ಗ್ರಾಹಕರಿಗೆಂದೇ ರೆಕಾರ್ಡ್ ನುಡಿಸುವ ಯಂತ್ರವಾದ ಟರ್ನ್‌ಟೇಬಲ್ ಮತ್ತು ಹೆಡ್‌ಫೋನ್ ಇಟ್ಟಿರುತ್ತಾರೆ. ಇಲ್ಲದಿದ್ದರೆ ಕೌಂಟರಿನ ಹಿಂದಿನ ಟರ್ನ್‌ಟೇಬಲಿನಲ್ಲೇ ಹಾಕಿ ಕೇಳಿಸುತ್ತಾರೆ. “ಇದನ್ನು ಸ್ವಲ್ಪ ಕೇಳಬಹುದೇ?” ಎಂಬ ಒಂದು ಮಾತು ಸಾಕು, ಪೀಠಿಕೆ ಬೇಕಿಲ್ಲ.

ಇದರಲ್ಲಿ ಉಪಕಾರದ ಮಾತೇನೂ ಇಲ್ಲ. ತಟ್ಟೆಯ ದೋಷವನ್ನು ನೀವು ಇಲ್ಲೇ ಕಂಡುಹಿಡಿದರೆ ಮುಂದಿನ ವಾರ ಮುಖ ಸಿಂಡರಿಸಿಕೊಂಡು ವಾಪಸ್ ತರುವುದು ತಪ್ಪುತ್ತದೆ. ಇಬ್ಬರಿಗೂ ಲಾಭ. ಗ್ರಾಮೊಫೋನ್ ಕಾಲದಲ್ಲೇ ಎಷ್ಟೋ ಅಂಗಡಿಗಳು ಗಾಜಿನ ಬಾಗಿಲಿನ ಸಣ್ಣ ಕೋಣೆಗಳನ್ನು ಕಟ್ಟಿಸಿ, ಕೊಳ್ಳುವವರನ್ನು ಒಳಗೆ ಕೂರಿಸಿ ಹಾಡು ಕೇಳಿಸುತ್ತಿದ್ದವು. ಗ್ರಾಹಕರೇ ಕಪಾಟಿನಿಂದ ಆರಿಸಿಕೊಳ್ಳುವ ಪದ್ಧತಿ ಹಬ್ಬಿದಂತೆ ಆ ಕೋಣೆಗಳು ಮಾಯವಾದವು. ಅವುಗಳ ಕೆಲಸವನ್ನು ಈಗ ಮೂಲೆಯ ಟರ್ನ್‌ಟೇಬಲ್ ಮಾಡುತ್ತಿದೆ.

ಬೇಸರವಾಗುವ ಸಂದರ್ಭಗಳೂ ಇವೆ. ಕೌಂಟರಿನ ಮುಂದೆ ಸಾಲು ನಿಂತಿರುವಾಗ, ಬಾಗಿಲು ಮುಚ್ಚಲು ಐದು ನಿಮಿಷ ಇರುವಾಗ ತೋಳಿನ ತುಂಬ ರೆಕಾರ್ಡ್ ಹೊತ್ತು ತಂದರೆ ಯಾರಿಗಾದರೂ ಬೇಸರವಾಗುತ್ತದೆ.

ಎಲ್ಲ ಹಾಡೂ ಮೊಬೈಲಿನಲ್ಲೇ ಸಿಗುವಾಗ ಅಂಗಡಿಯಲ್ಲಿ ನಿಂತು ಕೇಳುವುದೇಕೆ?

ಹಾಡು ಹೇಗಿದೆ ಎಂಬುದು ಒಂದು ಪ್ರಶ್ನೆ. ಈ ತಟ್ಟೆ ಹೇಗಿದೆ ಎಂಬುದು ಇನ್ನೊಂದು. ಅಂಗಡಿಯಲ್ಲಿ ಗೊಂದಲಕ್ಕೆ ಬೀಳುವವರು ಹೆಚ್ಚಾಗಿ ಇವೆರಡನ್ನೂ ಒಂದೇ ಗುಕ್ಕಿನಲ್ಲಿ ನುಂಗಲು ಹೊರಟವರು.

ಮೊದಲನೆಯದಕ್ಕೆ ಮೊಬೈಲ್ ನಿಜಕ್ಕೂ ಸಾಕು. 2003ರಲ್ಲಿ ಐಟ್ಯೂನ್ಸ್ ಮಳಿಗೆ ಶುರುವಾದಾಗ ಕೊಳ್ಳುವ ಮುಂಚೆ 30 ಸೆಕೆಂಡಿನ ತುಣುಕು ಕೇಳಿಸುತ್ತಿತ್ತು. ಈಗ ಇಡೀ ಆಲ್ಬಂ ಜೇಬಿನಲ್ಲೇ ಇದೆ. ಅಂಗಡಿಯ ಮೂಲೆಯಲ್ಲಿ ನಿಂತು ಮೊಬೈಲಿನಲ್ಲಿ ಎರಡು ಹಾಡು ಕೇಳಿ, ಆಮೇಲೆ ತಟ್ಟೆಯನ್ನು ಕೈಗೆತ್ತಿಕೊಳ್ಳುವವರನ್ನು ಕಂಡರೆ ನನಗೆ ಸಂತೋಷವೇ ಆಗುತ್ತದೆ. ಅರ್ಧ ಕೆಲಸವನ್ನು ಅವರೇ ಮುಗಿಸಿಕೊಂಡಿರುತ್ತಾರೆ.

ಎರಡನೆಯದಕ್ಕೆ ಮೊಬೈಲಿನಲ್ಲಿ ಉತ್ತರವಿಲ್ಲ. ನಿಮ್ಮ ಕೈಯಲ್ಲಿರುವ ಪ್ರತಿಯನ್ನು ಹಿಂದಿನ ಒಡೆಯರು ಯಾವ ಸೂಜಿಯಲ್ಲಿ ನುಡಿಸಿದರೋ, ಎಷ್ಟು ಸಲ ಕೆಳಗೆ ಬೀಳಿಸಿದರೋ, ಅದು ಆ ಪ್ರತಿಗೆ ಮಾತ್ರ ಗೊತ್ತು. ಮೇಲಾಗಿ ಸ್ಟ್ರೀಮಿಂಗಿನಲ್ಲಿ ಇರುವುದು ಎಷ್ಟೋ ವೇಳೆ ನಂತರದ ವರ್ಷಗಳಲ್ಲಿ ಮರುಸಂಸ್ಕರಿಸಿದ ರೂಪ. ಅದೇ ಹಾಡು ಹಳೆಯ ಮುದ್ರಣದ ತಟ್ಟೆಯಲ್ಲಿ ಬೇರೆಯೇ ಬಣ್ಣದಲ್ಲಿ ಕೇಳಿಸಬಹುದು.

ಇನ್ನೂ ಒಂದು ಗುಂಪಿದೆ. ಕೆಲವೇ ನೂರು ಪ್ರತಿ ಮುದ್ರಿಸಿ ಹಂಚಿದ ಆಲ್ಬಂಗಳು, ಮುಚ್ಚಿಹೋದ ಸಣ್ಣ ಕಂಪನಿಗಳ ರೆಕಾರ್ಡುಗಳು, ನಿಮಿಷಕ್ಕೆ 45 ಸುತ್ತಿನ ತಟ್ಟೆಗಳ ಹಿಂಬದಿಯಲ್ಲಿ ಮಾತ್ರ ಬಂದ ಹಾಡುಗಳು. ಇವು ಅಂತರಜಾಲದಲ್ಲಿ ಎಲ್ಲಿಯೂ ಇರದಿರಬಹುದು. ಆಗ ಎರಡೂ ಪ್ರಶ್ನೆಗಳಿಗೆ ಟರ್ನ್‌ಟೇಬಲೇ ಗತಿ.

ಒಂದು ಸಲಕ್ಕೆ ಎಷ್ಟು ರೆಕಾರ್ಡ್ ಕೇಳಬಹುದು?

ಹೆಚ್ಚಿನ ಅಂಗಡಿಗಳಲ್ಲಿ ಬರೆದಿಟ್ಟ ನಿಯಮ ಇರುವುದಿಲ್ಲ. ಮೂರರಿಂದ ಐದು ತಟ್ಟೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಬೇರೆ ಯಾರೂ ಕಾಯುತ್ತಿಲ್ಲವಾದರೆ ಇನ್ನಷ್ಟಾದರೂ ಸರಿಯೇ. ಯಾರಾದರೂ ಹಿಂದೆ ಬಂದು ನಿಂತರೆ ಕೈಯಲ್ಲಿರುವುದನ್ನು ಮುಗಿಸಿ ಜಾಗ ಬಿಟ್ಟುಕೊಡಿ.

ಒಂದು ತಟ್ಟೆಗೆ ಎರಡು-ಮೂರು ನಿಮಿಷ ಸಾಕು. ಒಂದು ಬದಿಯಲ್ಲಿ ಸುಮಾರು 20 ನಿಮಿಷದ ಸಂಗೀತವಿದೆ ಎಂದು 20 ನಿಮಿಷವೂ ಕಣ್ಣು ಮುಚ್ಚಿ ನಿಲ್ಲುವವರಿದ್ದಾರೆ. ಅವರ ರಸಿಕತೆಗೆ ನಮಸ್ಕಾರ, ಆದರೆ ಅದು ಮನೆಯಲ್ಲಿ ಮಾಡುವ ಕೆಲಸ.

ಹಾಗಾದರೆ ಆ ಎರಡು-ಮೂರು ನಿಮಿಷದಲ್ಲಿ ಸೂಜಿಯನ್ನು ಎಲ್ಲೆಲ್ಲಿ ಇಡಬೇಕು?

ಇದೇ ಮುಖ್ಯವಾದ ಪ್ರಶ್ನೆ. ಆದರೂ ಹೆಚ್ಚಿನವರು ಮೊದಲ ಹಾಡಿನ ಮೊದಲ ಅರ್ಧ ನಿಮಿಷ ಕೇಳಿ ತಲೆಯಾಡಿಸಿ ಹೋಗುತ್ತಾರೆ. ತಟ್ಟೆ ಎಷ್ಟೇ ಸವೆದಿದ್ದರೂ ಅದರ ದೋಷ ಅತಿ ಕಡಿಮೆ ಗೊತ್ತಾಗುವ ಜಾಗಗಳಲ್ಲಿ ಅದೂ ಒಂದು.

ಕಾರಣ ಸರಳ. ಎಲ್‌ಪಿಯ (ಇಡೀ ಆಲ್ಬಂ ಹಿಡಿಸುವ ದೊಡ್ಡ ತಟ್ಟೆಯ) ಒಂದು ಬದಿಯಲ್ಲಿ ಇರುವುದು ಅಂಚಿನಿಂದ ಒಳಕ್ಕೆ ಸುತ್ತಿಕೊಂಡು ಹೋಗುವ ಒಂದೇ ಗೆರೆ. ಬಿಡಿಸಿ ಎಳೆದರೆ ಸುಮಾರು ಅರ್ಧ ಕಿಲೋಮೀಟರ್ ಉದ್ದವಾಗುತ್ತದೆ. ತಟ್ಟೆ ನಿಮಿಷಕ್ಕೆ 33⅓ ಸುತ್ತಿನಂತೆ ಒಂದೇ ವೇಗದಲ್ಲಿ ತಿರುಗಿದರೂ, ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ಲೇಬಲ್ಲಿನ ಹತ್ತಿರಕ್ಕೆ ಬರುವಾಗ ಅದು 20 ಸೆಂಟಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಅದೇ ಒಂದು ಸೆಕೆಂಡಿನ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದಂತಾಯಿತು. ಹೀಗಾಗಿ ಸವೆತ, ಕೊಳೆ, ಹಳೆಯ ಸೂಜಿಯ ಹಾನಿ ಎಲ್ಲವೂ ಒಳಗಿನ ಸುತ್ತುಗಳಲ್ಲಿ ಎದ್ದು ಕೇಳಿಸುತ್ತವೆ. “ಸ”, “ಶ” ಅಕ್ಷರಗಳು ಉಗುಳಿದಂತೆ ಸಿಡಿಯುತ್ತವೆ, ತಾರಸ್ಥಾಯಿಯಲ್ಲಿ ದನಿ ಒಡೆಯುತ್ತದೆ.

ಆದ್ದರಿಂದ ಮೊದಲು ಕೊನೆಯ ಹಾಡಿನ ಕೊನೆಯ ನಿಮಿಷಕ್ಕೆ ಹೋಗಿ. ಅಲ್ಲಿ ಸ್ವಚ್ಛವಾಗಿದ್ದರೆ ಉಳಿದ ಸವೆತದ ಬಗ್ಗೆ ಹೆಚ್ಚು ಚಿಂತೆ ಬೇಡ. ನಂತರ ಎರಡು ಹಾಡುಗಳ ನಡುವಿನ ಖಾಲಿ ಪಟ್ಟಿ. ಅಲ್ಲಿ ಸಂಗೀತದ ಮರೆ ಇಲ್ಲದ ಕಾರಣ ತಟ್ಟೆಯ ಸ್ವಂತ ಸದ್ದು ಬಯಲಾಗುತ್ತದೆ. ಮೂರನೆಯದಾಗಿ, ನಿಮಗೆ ಬೇಕಾದ ಹಾಡಿನ ಅತಿ ಮೆಲ್ಲನೆಯ ಭಾಗ. ಆಲಾಪವೋ ಒಂಟಿ ಪಿಯಾನೋವೋ ಇರುವ ಕಡೆ ಚಿಟಿಕೆಯಷ್ಟು ಧೂಳೂ ಅಡಗಿಕೊಳ್ಳಲಾರದು. ಕೊನೆಗೆ ಅತಿ ಜೋರಾದ ಭಾಗ. ಹಿಂದಿನವರು ಸವೆದ ಸೂಜಿಯಲ್ಲಿ ನುಡಿಸಿದ್ದರೆ ಅಲ್ಲಿ ದನಿ ಹರಿದ ಕಾಗದದಂತೆ ಕರಕರ ಎನ್ನುತ್ತದೆ.

ಮೆಲ್ಲನೆಯ, ಜೋರಾದ ಭಾಗಗಳನ್ನು ಹುಡುಕುವುದು ಹೇಗೆ? ತಟ್ಟೆಯನ್ನೇ ನೋಡಿ. ಬೆಳಕಿಗೆ ಓರೆಯಾಗಿ ಹಿಡಿದರೆ ಗೆರೆಗಳ ಹೊಳಪು ಪಟ್ಟಿಪಟ್ಟಿಯಾಗಿ ಬದಲಾಗುವುದು ಕಾಣುತ್ತದೆ. ಸಂಗೀತ ಏರುವಲ್ಲಿ ಮೇಲ್ಮೈ ಒರಟಾಗಿ ಮಿನುಗುತ್ತದೆ, ಇಳಿಯುವಲ್ಲಿ ನುಣ್ಣಗೆ ಕಪ್ಪಾಗಿರುತ್ತದೆ. ಡಿಜೆಗಳು ಕತ್ತಲ ಕೋಣೆಯಲ್ಲೂ ತಾಳ ಮಾತ್ರ ಉಳಿಯುವ ಜಾಗವನ್ನು ಹುಡುಕಿಕೊಳ್ಳುವುದಕ್ಕೆ ಇದೂ ನೆರವಾಗುತ್ತದೆ.

ಇಷ್ಟಾದ ಮೇಲೆ ತಿರುವಿ ಇನ್ನೊಂದು ಬದಿ. ಒಂದು ಬದಿ ಹೊಸದರಂತಿದ್ದು ಇನ್ನೊಂದು ಬದಿ ಸವೆದು ಹೋಗಿರುವುದು ಅಪರೂಪವೇನಲ್ಲ. ಜನಪ್ರಿಯ ಹಾಡು ಇರುವ ಬದಿಯೇ ಪೆಟ್ಟು ತಿಂದಿರುತ್ತದೆ.

ನಾನು ಟರ್ನ್‌ಟೇಬಲ್ ಮುಟ್ಟಿದವನೇ ಅಲ್ಲ. ಏನಾದರೂ ಹಾಳು ಮಾಡಿದರೆ?

ಹಾಗಿದ್ದರೆ ಅದನ್ನೇ ಹೇಳಿ, ಅಂಗಡಿಯವರೇ ಹಾಕಿಕೊಡುತ್ತಾರೆ. ಗೊತ್ತಿಲ್ಲವೆಂದು ಹೇಳಿದವರ ಮೇಲೆ ಸಿಟ್ಟಾದ ಅಂಗಡಿಯವರನ್ನು ನಾನು ಕಂಡಿಲ್ಲ. ಗೊತ್ತಿರುವಂತೆ ನಟಿಸಿ ಸೂಜಿ ಮುರಿದವರ ಕಥೆಗಳನ್ನು ಮಾತ್ರ ಬೇಕಾದಷ್ಟು ಕೇಳಿದ್ದೇನೆ.

ಕಲಿಯಬೇಕೆಂದಿದ್ದರೆ ಕಷ್ಟವೇನಿಲ್ಲ. ತಟ್ಟೆಯನ್ನು ಲಕೋಟೆಯಿಂದ ತೆಗೆಯುವಾಗ ಅಂಚನ್ನು ಹೆಬ್ಬೆರಳ ಬುಡಕ್ಕೂ ನಡುವಿನ ಲೇಬಲ್ಲನ್ನು ಉಳಿದ ಬೆರಳ ತುದಿಗಳಿಗೂ ಆನಿಸಿಕೊಳ್ಳಿ. ಗೆರೆಗಳ ಮೇಲೆ ಬೆರಳು ತಾಗಬಾರದು, ಕೈಯ ಜಿಡ್ಡಿಗೆ ಧೂಳು ಅಂಟುತ್ತದೆ. ನಡುವಿನ ತೂತನ್ನು ಯಂತ್ರದ ನಡುವಿನ ಕಡ್ಡಿಗೆ ಸರಿಯಾಗಿ ಹೊಂದಿಸಿ ಇಳಿಸಿ. ತೂತು ಹುಡುಕುತ್ತಾ ಲೇಬಲ್ಲಿನ ಮೇಲೆಲ್ಲ ಕಡ್ಡಿ ಉಜ್ಜಿದ ಸಣ್ಣ ಗೆರೆಗಳು ಹಳೆಯ ರೆಕಾರ್ಡುಗಳಲ್ಲಿ ಕಾಣುತ್ತವಲ್ಲ, ಅವು ಅವಸರದ ಕೈಗಳ ಗುರುತು. ವೇಗ 33ಕ್ಕೋ 45ಕ್ಕೋ ಎಂದು ಲೇಬಲ್ಲಿನಲ್ಲಿ ನೋಡಿ. ಹನ್ನೆರಡು ಅಂಗುಲದ್ದೆಲ್ಲ 33 ಎಂದುಕೊಳ್ಳಬೇಡಿ, 45ರಲ್ಲಿ ತಿರುಗಬೇಕಾದವೂ ಇವೆ. ಸೂಜಿ ಹೊತ್ತಿರುವ ತೋಳಿನ ಪಕ್ಕದ ಸಣ್ಣ ಲಿವರ್ ಎತ್ತಿ, ತೋಳನ್ನು ಬೇಕಾದ ಜಾಗದ ಮೇಲೆ ತಂದು, ಲಿವರ್ ಇಳಿಸಿದರೆ ಸೂಜಿ ತಾನೇ ಮೆಲ್ಲಗೆ ಕೂರುತ್ತದೆ. ಎತ್ತುವಾಗಲೂ ಲಿವರನ್ನೇ ಬಳಸಿ. ತೋಳನ್ನು ಕೈಯಲ್ಲಿ ಹಿಡಿದು ಅಡ್ಡಕ್ಕೆ ಎಳೆಯುವುದೊಂದನ್ನು ಬಿಟ್ಟು ಬೇರೆ ಯಾವ ತಪ್ಪಿಗೂ ಕ್ಷಮೆ ಉಂಟು.

ಒಂದು ಚಿಕ್ಕ ಎಚ್ಚರಿಕೆ. ಅಂಗಡಿಗಳಲ್ಲಿ ಟೆಕ್ನಿಕ್ಸ್ ಎಸ್‌ಎಲ್-1200 ಮಾದರಿಯ ಗಟ್ಟಿಮುಟ್ಟಾದ ಯಂತ್ರಗಳನ್ನು ಮೆಚ್ಚಿ ಇಟ್ಟಿರುತ್ತಾರೆ. 1972ರಲ್ಲಿ ಬಂದ ಈ ಮಾದರಿಯ 1979ರ ಆವೃತ್ತಿಯಿಂದ ಬಲಬದಿಯಲ್ಲಿ ವೇಗವನ್ನು ಶೇ 8ರಷ್ಟು ಹೆಚ್ಚು ಕಡಿಮೆ ಮಾಡುವ ಜಾರುಗುಂಡಿ ಇದೆ. ಹಿಂದಿನ ಗ್ರಾಹಕರು ಅದನ್ನು ಸರಿಸಿ ಹೋಗಿದ್ದರೆ ನಿಮ್ಮ ನೆಚ್ಚಿನ ಗಾಯಕರ ಶ್ರುತಿಯೇ ಬದಲಾಗಿರುತ್ತದೆ. ರೆಕಾರ್ಡಿಗೆ ಬೈಯುವ ಮುಂಚೆ ಗುಂಡಿ ಸೊನ್ನೆಯಲ್ಲಿದೆಯೇ ನೋಡಿ.

ಟಕ್ ಟಕ್ ಎಂಬ ಸದ್ದು ಬಂದರೆ ಕೊಳ್ಳಬೇಕೇ, ಬಿಡಬೇಕೇ?

ಸದ್ದಿನಲ್ಲಿ ಬಗೆಗಳಿವೆ. ಗೊತ್ತುಗುರಿಯಿಲ್ಲದೆ ಅಲ್ಲೊಂದು ಇಲ್ಲೊಂದು ಚಿಟಪಟ ಎಂದರೆ ಅದು ಬಹುಮಟ್ಟಿಗೆ ಧೂಳು, ಇಲ್ಲವೇ ಒಣ ಹವೆಯಲ್ಲಿ ತಟ್ಟೆಗೆ ಏರಿದ ಸ್ಥಿರ ವಿದ್ಯುತ್ತು. ತೊಳೆದರೆ ಎಷ್ಟೋ ಕಡಿಮೆಯಾಗುತ್ತದೆ. ಅಂಗಡಿಯವರ ಬಳಿ ಕಾರ್ಬನ್ ನಾರಿನ ಬ್ರಷ್ ಇದ್ದರೆ ಒಂದು ಸುತ್ತು ಒರೆಸಿಕೊಡಲು ಕೇಳಿ, ಮತ್ತೆ ಹಾಕಿ.

ಒಂದೇ ಲಯದಲ್ಲಿ ಮರುಕಳಿಸುವ ಟಕ್ ಸದ್ದು ಬೇರೆ. 33⅓ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್ ಹಿಡಿಯುತ್ತದೆ. ಸದ್ದು ಸರಿಯಾಗಿ ಅಷ್ಟೇ ಅಂತರದಲ್ಲಿ ಬರುತ್ತಿದ್ದರೆ ಗೆರೆಗಳಿಗೆ ಅಡ್ಡವಾಗಿ ಒಂದು ಗೀರು ಬಿದ್ದಿದೆ ಎಂದರ್ಥ. ಅದು ತೊಳೆದರೆ ಹೋಗುವುದಲ್ಲ. ಆರೇಳು ಸುತ್ತಿನಲ್ಲಿ ಮುಗಿದರೆ ಸಹಿಸಬಹುದು, ಅರ್ಧ ಹಾಡಿನವರೆಗೆ ಬಂದರೆ ಬೆಲೆ ಇಳಿಸಲು ಕೇಳಿ ಇಲ್ಲವೇ ಬಿಡಿ. ಸೂಜಿ ಹಾರಿ ಮುಂದಕ್ಕೆ ಹೋದರೆ, ಅಥವಾ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿದರೆ, ಬಹಳ ಅಪರೂಪದ ತಟ್ಟೆಯ ಹೊರತು ನಾನಂತೂ ಕೊಳ್ಳುವುದಿಲ್ಲ.

ಅದೇ 1.8 ಸೆಕೆಂಡಿನ ಲಯದಲ್ಲಿ ಸ್ವರ ಏರಿಳಿಯುತ್ತಿದ್ದರೆ, ದೀರ್ಘವಾಗಿ ಹಿಡಿದ ಪಿಯಾನೋ ಸ್ವರ ತೇಲಾಡುತ್ತಿದ್ದರೆ, ನಡುವಿನ ತೂತು ಕೇಂದ್ರದಲ್ಲಿಲ್ಲ. ಅದು ಕಾರ್ಖಾನೆಯಿಂದಲೇ ಬಂದ ದೋಷ. ಹಿಂದಿನ ಒಡೆಯರನ್ನು ಶಪಿಸಿ ಪ್ರಯೋಜನವಿಲ್ಲ.

ಹಾಕಿ ಕೇಳಲು ಆಗದಿದ್ದರೆ ಕಣ್ಣಿನಲ್ಲೇ ಅಳೆಯಬಹುದೇ?

ಒಂದು ಮಟ್ಟಕ್ಕೆ. ದೀಪದ ಕೆಳಗೆ ತಟ್ಟೆಯನ್ನು ಓರೆಯಾಗಿ ತಿರುಗಿಸಿ. ಕೂದಲೆಳೆಯಂಥ ಗೀರುಗಳು ಕಾಗದದ ಲಕೋಟೆಯಲ್ಲಿ ಜಾರಿಸಿ ಜಾರಿಸಿ ಆದವು, ಅವು ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಉಗುರಿನ ತುದಿಯನ್ನು ಹಗುರವಾಗಿ ಆಡಿಸಿದಾಗ ತಡೆಯುವ ಗೀರು ಸದ್ದು ಮಾಡಿಯೇ ತೀರುತ್ತದೆ. ಉಗುರು ಆಡಿಸುವ ಮುಂಚೆ ಅಂಗಡಿಯವರ ಮುಖ ನೋಡಿಕೊಳ್ಳಿ, ಕೆಲವರಿಗೆ ಇದು ಹಿಡಿಸುವುದಿಲ್ಲ. ಆಮೇಲೆ ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನಿಂದ ನೋಡಿದರೆ ಬಾಗಿದೆಯೇ ಎಂಬುದು ಗೊತ್ತಾಗುತ್ತದೆ.

ಆದರೆ ಸವೆತ ಕಣ್ಣಿಗೆ ಸಿಗುವುದಿಲ್ಲ. ಕನ್ನಡಿಯಂತೆ ಹೊಳೆಯುವ ತಟ್ಟೆ ಕರಕರ ಎನ್ನುವುದುಂಟು, ಯುದ್ಧದಿಂದ ಬಂದಂತೆ ಕಾಣುವ ತಟ್ಟೆ ಸೊಗಸಾಗಿ ಹಾಡುವುದುಂಟು. ಹೊದಿಕೆಯ ಮೇಲೆ ಬರೆದಿರುವ ದರ್ಜೆಯೂ ಹೆಚ್ಚಾಗಿ ಕಣ್ಣಿನಿಂದಲೇ ನಿರ್ಧರಿಸಿದ್ದು. ಗೋಲ್ಡ್‌ಮೈನ್ ಎಂಬ ಅಮೆರಿಕನ್ ಪತ್ರಿಕೆಯ ಹೆಸರಿನಲ್ಲಿ ಬಳಕೆಗೆ ಬಂದ ಈ ದರ್ಜೆಗಳಲ್ಲಿ “ಮಿಂಟ್”, “ನಿಯರ್ ಮಿಂಟ್”, “ವೆರಿ ಗುಡ್ ಪ್ಲಸ್”, “ವೆರಿ ಗುಡ್” ಎಂದು ಇಳಿಯುತ್ತಾ ಬಂದು “ಗುಡ್” ಎಂಬಲ್ಲಿಗೆ ತಲುಪುವಷ್ಟರಲ್ಲಿ ತಟ್ಟೆ ಒಳ್ಳೆಯ ಸ್ಥಿತಿಯಲ್ಲಿ ಇರುವುದೇ ಇಲ್ಲ. ಹೊಸಬರು ಇಲ್ಲಿ ಮೋಸ ಹೋಗುತ್ತಾರೆ.

ಸೀಲ್ ಆಗಿರುವ ಹೊಸ ರೆಕಾರ್ಡನ್ನು ಬಿಚ್ಚಿ ಕೇಳಿಸುತ್ತಾರೆಯೇ?

ಸಾಮಾನ್ಯವಾಗಿ ಇಲ್ಲ. ಪ್ಲಾಸ್ಟಿಕ್ ಹರಿದ ಕ್ಷಣ ಅದು ಹೊಸದರ ಬೆಲೆಗೆ ಹೋಗುವುದಿಲ್ಲ. ಆದರೂ ಕೇಳಿ ನೋಡಿ. ಅಂಗಡಿಯಲ್ಲಿ ನುಡಿಸಲೆಂದು ತೆರೆದಿಟ್ಟ ಒಂದು ಪ್ರತಿ ಇರಬಹುದು. ಇಲ್ಲದಿದ್ದರೆ ಇಲ್ಲಿ ಮೊಬೈಲೇ ಸರಿ. ಹೊಸ ತಟ್ಟೆಯ ಮಟ್ಟಿಗೆ ನಿಮಗೆ ಉಳಿಯುವುದು ಹಾಡು ಹೇಗಿದೆ ಎಂಬ ಪ್ರಶ್ನೆಯೊಂದೇ. ಮುದ್ರಣದ ದೋಷ ಕಂಡುಬಂದರೆ ಬದಲಿಸಿಕೊಡುವುದು ಅಂಗಡಿಯವರ ಹೊಣೆ.

ನನ್ನದೇ ಹೆಡ್‌ಫೋನ್ ತರಬಹುದೇ?

ತನ್ನಿ, ಒಳ್ಳೆಯದೇ. ದಿನವಿಡೀ ಹತ್ತಾರು ಕಿವಿಗಳ ಮೇಲೆ ಕುಳಿತ ಹೆಡ್‌ಫೋನಿಗಿಂತ ಸ್ವಂತದ್ದು ಲೇಸು. ಅಂಗಡಿಯ ಯಂತ್ರಗಳಲ್ಲಿ ಹೆಚ್ಚಾಗಿ 6.35 ಮಿಲಿಮೀಟರಿನ ದೊಡ್ಡ ತೂತು ಇರುತ್ತದೆ, ನಿಮ್ಮ ಹೆಡ್‌ಫೋನಿನ ಪಿನ್ 3.5 ಮಿಲಿಮೀಟರಿನದಾಗಿದ್ದರೆ ಅಡಾಪ್ಟರ್ ಬೇಕು. ಬ್ಲೂಟೂತ್ ಮಾತ್ರ ಇರುವುದಾದರೆ ಮನೆಯಲ್ಲೇ ಬಿಟ್ಟು ಬನ್ನಿ.

ಹೆಡ್‌ಫೋನಿನಲ್ಲಿ ಚಿಟಪಟ ಸದ್ದು ಸ್ಪೀಕರಿಗಿಂತ ಹೆಚ್ಚು ಚುಚ್ಚುತ್ತದೆ ಎಂಬುದು ನೆನಪಿರಲಿ. ಅಲ್ಲಿ ಕಿರಿಕಿರಿ ಎನಿಸಿದ ತಟ್ಟೆ ಮನೆಯ ಸ್ಪೀಕರಿನಲ್ಲಿ ಹಿತವಾಗಿ ಕೇಳಿಸೀತು.

ಅಂಗಡಿಯಲ್ಲಿ ಅದ್ಭುತವಾಗಿ ಕೇಳಿಸಿದ್ದು ಮನೆಯಲ್ಲಿ ಸಪ್ಪೆಯಾಯಿತು. ತಟ್ಟೆ ಬದಲಾಯಿಸಿಬಿಟ್ಟರೇ?

ಇಲ್ಲ. ಮೊದಲ ಆರೋಪಿ ದನಿಯ ಜೋರು. ಅದೇ ಹಾಡನ್ನು ಸ್ವಲ್ಪ ಜೋರಾಗಿ ಕೇಳಿಸಿದರೆ ನಮ್ಮ ಕಿವಿ “ಇದೇ ಚೆನ್ನಾಗಿದೆ” ಎನ್ನುತ್ತದೆ. ಅಂಗಡಿಯ ಸ್ಪೀಕರುಗಳು ಜೋರಾಗಿಯೇ ಇರುತ್ತವೆ. ಸ್ವಲ್ಪ ತಗ್ಗಿಸಿ ಕೇಳಿಸಲು ಹೇಳಿ, ಆಗಲೂ ಹಿಡಿಸಿದರೆ ಕೊಳ್ಳಿ.

ಸೂಜಿಯ ಭಾರ ಇನ್ನೊಂದು. ಮನೆಯ ಯಂತ್ರಗಳಲ್ಲಿ ಸೂಜಿ ತಟ್ಟೆಯನ್ನು ಒತ್ತುವ ಭಾರ ಹೆಚ್ಚಾಗಿ 1.5ರಿಂದ 2 ಗ್ರಾಂ. ಅಂಗಡಿಯವರು ಒರಟು ಬಳಕೆಗೆ ತಾಳುವ ಡಿಜೆ ಸೂಜಿಗಳನ್ನು ಹಾಕಿದ್ದರೆ ಅದು 3 ಗ್ರಾಂ ಅಥವಾ ಹೆಚ್ಚು ಇರಬಹುದು. ಭಾರದ ಸೂಜಿ ಗೀರನ್ನು ತುಳಿದುಕೊಂಡು ಹೋಗಿಬಿಡುತ್ತದೆ, ಹಗುರವಾದದ್ದು ಅದೇ ಜಾಗದಲ್ಲಿ ಹಾರುತ್ತದೆ. ಹಾಗಾಗಿ “ಅಂಗಡಿಯಲ್ಲಿ ಹಾರಲಿಲ್ಲ” ಎಂಬುದು ಪೂರ್ತಿ ಖಾತರಿಯಲ್ಲ. ಕಣ್ಣಿಗೆ ಕಾಣುವ ಗೀರು ಇದ್ದರೆ, ಮನೆಯಲ್ಲಿ ಹಾರಿದರೆ ವಾಪಸ್ ತರಬಹುದೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಬಂದವರೆಲ್ಲ ಹಾಕಿ ಕೇಳಿದರೆ ತಟ್ಟೆ ಸವೆಯುವುದಿಲ್ಲವೇ?

ಸೂಜಿ ಸರಿಯಾಗಿದ್ದರೆ ನಾಲ್ಕಾರು ಸಲ ಕೇಳಿದ್ದರಿಂದ ಗುರುತಿಸುವಷ್ಟು ಸವೆತ ಆಗುವುದಿಲ್ಲ. ಸೂಜಿ ಸವೆದಿದ್ದರೆ ಒಂದೇ ಸಲ ಸಾಕು. ಅಂಗಡಿಯ ಸೂಜಿಯ ಮೇಲೆ ಬೂದಿಬಣ್ಣದ ಧೂಳಿನ ಉಂಡೆ ನೇತಾಡುತ್ತಿದ್ದರೆ ಹೇಳಿ, ನಾಚಿಕೆ ಪಡಬೇಕಾದವರು ಅವರು.

ಹಳೆಯ 78 ಸುತ್ತಿನ ಗ್ರಾಮೊಫೋನ್ ತಟ್ಟೆಗಳನ್ನೂ ಹೀಗೆಯೇ ಕೇಳಬಹುದೇ?

ಅದೇ ಸೂಜಿಯಲ್ಲಿ ಬೇಡ. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿಯನ್ನೂ ಮರುವರ್ಷ ಆರ್‌ಸಿಎ ವಿಕ್ಟರ್ 45 ಸುತ್ತಿನ ತಟ್ಟೆಯನ್ನೂ ತಂದಾಗ ಗೆರೆಗಳು ಬಹಳ ಸಪೂರವಾದವು. 78ರ ಗೆರೆ ಅಗಲವಾದದ್ದು, ಅದಕ್ಕೆ ಸುಮಾರು 75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದಪ್ಪ ತುದಿಯ ಸೂಜಿ ಬೇಕು. ಎಲ್‌ಪಿಯ ಸುಮಾರು 18 ಮೈಕ್ರಾನಿನ ಸೂಜಿ ಅಲ್ಲಿ ತಳಕ್ಕೆ ಇಳಿದು ಕಸವನ್ನೆಲ್ಲ ಕೆದಕುತ್ತದೆ, ಕೇಳುವುದು ಬರೀ ಗೊರಗೊರ. 78 ವೇಗ ಮತ್ತು ಅದರ ಸೂಜಿ ಎರಡೂ ಇವೆಯೇ ಎಂದು ಕೌಂಟರಿನಲ್ಲಿ ವಿಚಾರಿಸಿ. ಆ ತಟ್ಟೆಗಳು ಅರಗಿನಿಂದ ಮಾಡಿದವು, ಕೈಜಾರಿದರೆ ಚೂರು. ಸ್ಪಿರಿಟ್ ಹಚ್ಚಿ ಒರೆಸಲು ಹೋಗಬೇಡಿ, ಅರಗು ಕರಗುತ್ತದೆ.

ಸಿಡಿ, ಕ್ಯಾಸೆಟ್‌ಗಳ ವಿಷಯ?

ಸಿಡಿ ಎಲ್‌ಪಿಗೆ ತದ್ವಿರುದ್ಧ, ನಡುವಿನಿಂದ ಶುರುವಾಗಿ ಅಂಚಿನ ಕಡೆಗೆ ಸಾಗುತ್ತದೆ. ಬೆರಳು ತಾಗುವುದೂ ಉಜ್ಜುವುದೂ ಅಂಚಿಗೇ. ಆದ್ದರಿಂದ ಇಲ್ಲೂ ಕೊನೆಯ ಹಾಡನ್ನೇ ಕೇಳಿ. ಹೊಳೆಯುವ ಬದಿಯ ಗೀರಿಗೆ ಎಲ್ಲರೂ ಹೆದರುತ್ತಾರೆ, ಆದರೆ ಮಾಹಿತಿ ಇರುವ ಪದರ ಅಚ್ಚಾದ ಹೆಸರಿನ ಬದಿಗೆ ಅಂಟಿಕೊಂಡಿದೆ. ಆ ಬದಿಯಲ್ಲಿ ಆಳವಾದ ಗೀರಿದ್ದರೆ ಅದು ಹೆಚ್ಚು ಅಪಾಯ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಂಥ ತೂತುಗಳು ಕಂಡರೆ ಬಿಟ್ಟುಬಿಡಿ.

ಕ್ಯಾಸೆಟ್ಟಿನಲ್ಲಿ ಟೇಪಿನ ಹಿಂದೆ ಇರುವ ಪುಟ್ಟ ಮೆತ್ತೆ ಜಾಗದಲ್ಲಿದೆಯೇ ನೋಡಿ. ಅಂಟು ಒಣಗಿ ಅದು ಬಿದ್ದುಹೋಗಿದ್ದರೆ ದನಿ ಮಂಕಾಗಿ ಏರಿಳಿಯುತ್ತದೆ. ಬಹಳ ವರ್ಷ ಮುಟ್ಟದೆ ಇದ್ದದ್ದನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಹಿಂದಕ್ಕೆ ಸುತ್ತಿಸಿ ಆಮೇಲೆ ಕೇಳಿಸಲು ಹೇಳಿ.

ಅಂಗಡಿಯಲ್ಲಿ ಹಾಕಿದ್ದ ಹಾಡು ಹಿಡಿಸಿತು. ಯಾವುದೆಂದು ಕೇಳಿದರೆ ಅಜ್ಞಾನ ಬಯಲಾಗುವುದಿಲ್ಲವೇ?

ಹಾಕಿರುವುದೇ ನೀವು ಕೇಳಲಿ ಎಂದು! ಎಷ್ಟೋ ಕಡೆ ನುಡಿಯುತ್ತಿರುವ ರೆಕಾರ್ಡಿನ ಹೊದಿಕೆಯನ್ನು ಕೌಂಟರಿನ ಮೇಲೆ ನಿಲ್ಲಿಸಿರುತ್ತಾರೆ. ಅಮೆರಿಕದ ಕೃತಿಸ್ವಾಮ್ಯ ಕಾಯ್ದೆ ಕೂಡ ಈ ಪದ್ಧತಿಯನ್ನು ಒಪ್ಪಿಕೊಂಡಿದೆ. ಅದರ 110(7)ನೇ ಕಲಂ ಪ್ರಕಾರ, ರೆಕಾರ್ಡಿನ ಮಾರಾಟಕ್ಕೆ ಉತ್ತೇಜನ ಕೊಡುವುದೊಂದೇ ಉದ್ದೇಶವಾಗಿದ್ದು, ಪ್ರವೇಶ ಶುಲ್ಕವಿಲ್ಲದ ಅಂಗಡಿಯೊಳಗೆ, ಮಾರಾಟ ನಡೆಯುವ ಜಾಗದಲ್ಲೇ ಹಾಡನ್ನು ನುಡಿಸಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ.

ಹಾಡು ಗುರುತಿಸುವ ಆ್ಯಪನ್ನು ಕದ್ದುಮುಚ್ಚಿ ಸ್ಪೀಕರಿನ ಕಡೆ ಹಿಡಿಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ಕೇಳಿದ್ದರೆ ಹೆಸರಿನ ಜೊತೆಗೆ ಅದೇ ವಾದ್ಯಗಾರರ ಇನ್ನೆರಡು ರೆಕಾರ್ಡುಗಳು ಯಾವ ಕಪಾಟಿನಲ್ಲಿವೆ ಎಂಬುದನ್ನೂ ಹೇಳುತ್ತಿದ್ದೆನಲ್ಲ.

ಅಂಗಡಿಯವರ ಶಿಫಾರಸನ್ನು ಎಷ್ಟು ನಂಬಬಹುದು?

ನೀವು ಕೇಳುವ ರೀತಿಯನ್ನು ಅವಲಂಬಿಸಿದೆ. “ಏನಾದರೂ ಒಳ್ಳೆಯದು ಕೊಡಿ” ಎಂದರೆ ಅವರಿಗೆ ಇಷ್ಟವಾದದ್ದು ಸಿಗುತ್ತದೆ, ಇಲ್ಲವೇ ಬಹುಕಾಲದಿಂದ ಮಾರಾಟವಾಗದೆ ಕೂತದ್ದು. ನಿಮಗೆ ಇಷ್ಟವಾದ ಎರಡು ಆಲ್ಬಂಗಳನ್ನು ಹೇಳಿ, ಎಲ್ಲರೂ ಹೊಗಳುವ ಆದರೆ ನಿಮಗೆ ಒಗ್ಗದ ಒಂದನ್ನೂ ಹೇಳಿ. ಆ ಮೂರನೆಯ ಹೆಸರು ಮೊದಲಿನ ಎರಡಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನೀವು ಕೇಳಿ ಬೇಡವೆಂದು ಬದಿಗಿಟ್ಟ ತಟ್ಟೆಗಳನ್ನೂ ಒಳ್ಳೆಯ ಅಂಗಡಿಯವರು ಗಮನಿಸುತ್ತಿರುತ್ತಾರೆ. ನಾಲ್ಕು ಸಲ ಹೋಗಿ ಬಂದ ಮೇಲೆ, ನೀವು ಬಾಯಿ ತೆರೆಯುವ ಮುಂಚೆಯೇ ಕೌಂಟರಿನ ಕೆಳಗಿನಿಂದ ಒಂದು ರೆಕಾರ್ಡ್ ಮೇಲೆ ಬಂದರೆ ಆಶ್ಚರ್ಯಪಡಬೇಡಿ.

ಕೇಳಿದ ಮೇಲೆ ಕೊಳ್ಳಲೇಬೇಕೇ?

ಬೇಡ. ಹಿಡಿಸಲಿಲ್ಲ ಎನ್ನಿ, ಸಾಕು. ಐದು ತಟ್ಟೆ ಕೇಳಿ ಬರಿಗೈಯಲ್ಲಿ ಹೋಗುವವರು ಮುಂದಿನ ಸಲ ಬರುತ್ತಾರೆ. ನನಗೆ ಸಹನೆ ಮೀರುವುದು ಒಂದೇ ಕಡೆ: ಅರ್ಧ ಗಂಟೆ ಕೇಳಿ, ಯಾವ ಮುದ್ರಣ ಎಂದು ವಿಚಾರಿಸಿ, ಹೊದಿಕೆಯ ಫೋಟೊ ತೆಗೆದುಕೊಂಡು, ಅಲ್ಲೇ ನಿಂತು ಅಂತರಜಾಲದಲ್ಲಿ ಬೇರೆಯವರಿಂದ ತರಿಸಿಕೊಳ್ಳುವವರು. ಬೆಲೆ ಹೆಚ್ಚಾಯಿತು ಎನಿಸಿದರೆ ನೇರವಾಗಿ ಹೇಳಬಹುದಿತ್ತು.

ಮನೆಗೆ ಒಯ್ದು ಕೇಳಿ ವಾಪಸ್ ಕೊಡುವ ಏರ್ಪಾಡು ಇದೆಯೇ?

ಮೆಚ್ಚಿಗೆಯಾಗಲಿಲ್ಲ ಎಂಬ ಕಾರಣಕ್ಕೆ ಹೆಚ್ಚಿನವರು ವಾಪಸ್ ತೆಗೆದುಕೊಳ್ಳುವುದಿಲ್ಲ, ದೋಷವಿದ್ದರೆ ತೆಗೆದುಕೊಳ್ಳುತ್ತಾರೆ. ಬಾಡಿಗೆಗೆ ಕೊಡುವುದು ಒಂದು ಕಾಲದಲ್ಲಿ ನಡೆದಿತ್ತು. ಬಾಡಿಗೆಗೆ ಒಯ್ದವರು ಕ್ಯಾಸೆಟ್ಟಿಗೆ ಇಳಿಸಿಕೊಂಡು ಹಿಂದಿರುಗಿಸುತ್ತಿದ್ದುದರಿಂದ, ಹಕ್ಕುದಾರರ ಒಪ್ಪಿಗೆಯಿಲ್ಲದೆ ರೆಕಾರ್ಡ್ ಬಾಡಿಗೆಗೆ ಕೊಡುವುದನ್ನು ಅಮೆರಿಕ 1984ರಲ್ಲಿ ಕಾನೂನಿನ ಮೂಲಕ ತಡೆಯಿತು.

ನನ್ನದೇ ಪುಟ್ಟ ಪ್ಲೇಯರ್ ತಂದು ಕೇಳಬಹುದೇ?

ರೆಕಾರ್ಡ್ ಸಂತೆಗಳಲ್ಲಿ ಇದು ಮಾಮೂಲು, ಅಲ್ಲಿ ಪ್ರತಿ ಮೇಜಿಗೂ ಟರ್ನ್‌ಟೇಬಲ್ ಇರುವುದಿಲ್ಲ. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಪ್ಲೇಯರುಗಳು ಹಿಂದಿನಿಂದಲೂ ಇವೆ. ಆಡಿಯೊ-ಟೆಕ್ನಿಕಾ ಕಂಪನಿ 1980ರ ದಶಕದ ಆರಂಭದಲ್ಲಿ ತಂದ ಸೌಂಡ್ ಬರ್ಗರ್ ಅಂಥದ್ದೊಂದು, 2022ರಲ್ಲಿ ಮತ್ತೆ ಬಂತು. ಅಂಗಡಿಯಲ್ಲಾದರೆ ಮಾಲೀಕರ ಒಪ್ಪಿಗೆ ಪಡೆಯಿರಿ. ನಿಮ್ಮ ಸೂಜಿಯ ಸ್ಥಿತಿ ಅವರಿಗೆ ಗೊತ್ತಿಲ್ಲ, ತಟ್ಟೆ ಇನ್ನೂ ಅವರದು.

ರೆಕಾರ್ಡ್ ಸ್ಟೋರ್ ಡೇ ದಿನ ಬಂದರೆ ಎಲ್ಲವನ್ನೂ ಕೇಳಬಹುದೇ?

ಆ ದಿನ ಬಿಟ್ಟು ಬೇರೆ ಯಾವ ದಿನವಾದರೂ ಬನ್ನಿ. ಸ್ವತಂತ್ರ ಅಂಗಡಿಗಳಿಗಾಗಿಯೇ 2008ರ ಏಪ್ರಿಲ್ 19ರಂದು ಶುರುವಾದ ಆ ಹಬ್ಬದಲ್ಲಿ ಬಾಗಿಲು ತೆರೆಯುವ ಮುಂಚೆಯೇ ಸಾಲು ನಿಂತಿರುತ್ತದೆ. ಬಿಡುಗಡೆಯಾಗುವ ವಿಶೇಷ ಮುದ್ರಣಗಳು ಸೀಲ್ ಆಗಿರುತ್ತವೆ. ಕೇಳುವ ಮೂಲೆಯ ಟರ್ನ್‌ಟೇಬಲ್ ಮೇಲೆ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರೂ ಇಟ್ಟಿರಬಹುದು.

ಕೇಳಿ ಮುಗಿದ ಮೇಲೆ ಬೇಡವಾದ ರೆಕಾರ್ಡನ್ನು ಎಲ್ಲಿಡಬೇಕು?

ಕೌಂಟರಿಗೆ ತಂದುಕೊಡಿ. ನೀವೇ ಕಪಾಟಿಗೆ ಸೇರಿಸಲು ಹೋದರೆ ತಪ್ಪು ಜಾಗಕ್ಕೆ ಹೋಗಿ, ಮುಂದೆ ಅದನ್ನು ಹುಡುಕಿಕೊಂಡು ಬಂದವರಿಗೆ “ಇತ್ತು, ಎಲ್ಲಿದೆಯೋ ಗೊತ್ತಿಲ್ಲ” ಎನ್ನಬೇಕಾಗುತ್ತದೆ. ಕೆಲವು ಅಂಗಡಿಗಳು ಕಳ್ಳತನದ ಭಯಕ್ಕೆ ಬರೀ ಹೊದಿಕೆಗಳನ್ನು ಕಪಾಟಿನಲ್ಲಿಟ್ಟು ತಟ್ಟೆಗಳನ್ನು ಒಳಗೆ ಇಟ್ಟುಕೊಂಡಿರುತ್ತವೆ, ಅಲ್ಲಂತೂ ವಾಪಸ್ ಕೊಡಲೇಬೇಕು. ಕೊಡುವ ಮುಂಚೆ ಲಕೋಟೆಯೊಳಗಿನ ತಟ್ಟೆಯ ಲೇಬಲ್ಲೂ ಹೊದಿಕೆಯ ಹೆಸರೂ ಒಂದೇ ಇವೆಯೇ ಎಂದು ಒಮ್ಮೆ ನೋಡಿ. ಮೂರು-ನಾಲ್ಕು ತಟ್ಟೆಗಳನ್ನು ಒಟ್ಟಿಗೆ ತೆಗೆದು ಕೇಳುವವರು ಇಲ್ಲೇ ಅದಲು ಬದಲು ಮಾಡುವುದು.